ಕಡಲಕರೆಯ ಪುಟ್ಟ ರೈಲು

ಜಪಾನ್ ದೇಶದ ರೈಲು ಎಂದೊಡನೆ ಯಾರ ಮನಸ್ಸಿಗಾದರೂ ಮೊದಲು ಹೊಳೆಯುವುದು ಬಾಣದ ವೇಗದಲ್ಲಿ ಹಾಯುವ ಶಿಂಕಾನ್‌ಸೆನ್ ಬಂಡಿ. ಟೋಕಿಯೋ ನಗರದಿಂದ ಹೊರಟು ಉತ್ತರಾಭಿಮುಖವಾಗಿ ಓಡುವ ಆ ಬಂಡಿ ನಾಡಿನ ಒಳಬಯಲುಗಳನ್ನು ಹಿಡಿದು ನೆಟ್ಟಗೆ ಸಾಗುತ್ತದೆ. ಕಡಲಿನ ಗೊಡವೆಗೆ ಹೋಗುವುದಿಲ್ಲ. ಆದರೆ ಅದೇ ಈಶಾನ್ಯ ಸೀಮೆಯಲ್ಲಿ, ಕಿತಾಕಾಮಿ ಬೆಟ್ಟಗಳ ಆಚೆಯ ಮಗ್ಗುಲಲ್ಲಿ, ಶಾಂತಸಾಗರದ ಅಂಚನ್ನು ಹಿಡಿದು ಇನ್ನೊಂದು ರೈಲು ಓಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಇರುವುದು ಒಂದೋ ಎರಡೋ ಬೋಗಿ. ಬಿಳಿಯ ಮೈ, ಅದರ ಮೇಲೆ ಕೆಂಪು ನೀಲಿ ಪಟ್ಟೆ. ಬೇರೆ ಎಂಜಿನ್ ಇಲ್ಲ. ಬೋಗಿಯ ಅಡಿಯಲ್ಲಿಯೇ ಡೀಸೆಲ್ ಯಂತ್ರ. ಸಕಾರಿ ಎಂಬ ಊರಿನಿಂದ ಕುಜಿ ಎಂಬ ಊರಿನವರೆಗೆ 163 ಕಿಲೋಮೀಟರ್ ದಾರಿ. ಅದನ್ನು ಕ್ರಮಿಸಲು ಸುಮಾರು ನಾಲ್ಕೂವರೆ ಗಂಟೆ ಬೇಕು. ಇದೇ ಸಾನ್ರಿಕು ರೈಲ್ವೆ. ಊರಿನವರು ಮುದ್ದಿನಿಂದ ಕರೆಯುವ ಹೆಸರು ‘ಸಾಂತೆತ್ಸು’.

ಶಾಲೆಗೆ ಹೋಗುವ ಹುಡುಗರು, ಆಸ್ಪತ್ರೆಗೆ ಹೊರಟ ಮುದುಕಿಯರು, ದೂರದ ನಗರಗಳಿಂದ ತಂಡ ಕಟ್ಟಿಕೊಂಡು ಬಂದ ಪ್ರವಾಸಿಗರು ಎಲ್ಲರೂ ಇದರಲ್ಲಿ ಒಟ್ಟಿಗೆ ಪ್ರಯಾಣ ಮಾಡುತ್ತಾರೆ. ಪ್ರವಾಸಿಗರು ಕಡಲನ್ನು ನೋಡಲು ಬಂದವರು. ಊರಿನವರಾದರೋ ಆ ಕಡಲನ್ನು ಚೆನ್ನಾಗಿ ಬಲ್ಲವರು. ಈ ಎರಡು ಬಗೆಯ ಜನರನ್ನು ಒಂದೇ ಬೋಗಿಯಲ್ಲಿ ಕೂರಿಸುವುದೇ ಈ ರೈಲಿನ ವೈಶಿಷ್ಟ್ಯ.

ಬಂಡೆ ಮತ್ತು ಮಂಜು

ಸಾನ್ರಿಕು ಕರಾವಳಿಗೆ ಎರಡು ಮುಖಗಳುಂಟು. ಮಿಯಾಕೊ ನಗರದಿಂದ ದಕ್ಷಿಣಕ್ಕೆ, ಹಿಂದೆಂದೋ ನೆಲ ತಗ್ಗಿ ನದಿಗಳ ಕಣಿವೆಗಳೊಳಗೆ ಕಡಲು ನುಗ್ಗಿ ನಿಂತಿದೆ. ಕೈಬೆರಳುಗಳ ನಡುವಿನ ಸಂದುಗಳಂತೆ ಸಾಲುಸಾಲಾಗಿ ಕಿರಿದಾದ ಕೊಲ್ಲಿಗಳು. ಪ್ರತಿಯೊಂದು ಕೊಲ್ಲಿಯ ತುದಿಯಲ್ಲಿ ಅಂಗೈಯಗಲದ ಬಯಲು. ಆ ಬಯಲಿನಲ್ಲಿ ಒಂದು ಮೀನುಗಾರರ ಊರು. ಭೂಗೋಳ ಶಾಸ್ತ್ರಜ್ಞರು ಇಂತಹ ತೀರವನ್ನು ‘ರಿಯಾ’ ಕರಾವಳಿ ಎನ್ನುತ್ತಾರೆ. ಮಿಯಾಕೊದಿಂದ ಉತ್ತರಕ್ಕೆ ಇದಕ್ಕೆ ತೀರ ವ್ಯತಿರಿಕ್ತ. ಅಲ್ಲಿ ನೆಲವೇ ಮೇಲೆದ್ದು ಕಡಲಿಗೆ ಎದೆಯೊಡ್ಡಿ ನಿಂತಿದೆ. ತನೊಹಾತ ಗ್ರಾಮಕ್ಕೆ ಸೇರಿದ ಕಿತಾಯಾಮಾಝಾಕಿ ಎಂಬಲ್ಲಿ ಸುಮಾರು 200 ಮೀಟರ್ ಎತ್ತರದ ಕಡಿಬಂಡೆಗಳು ಮೈಲಿಗಟ್ಟಲೆ ಕೋಟೆಯ ಗೋಡೆಯಂತೆ ಹಬ್ಬಿವೆ. ರೈಲು ಇಲ್ಲಿ ಸುರಂಗದೊಳಗೆ ಸಾಗುವುದರಿಂದ ಆ ರುದ್ರರಮಣೀಯ ದೃಶ್ಯ ಬೋಗಿಯಿಂದ ಕಾಣದು. ನಿಲ್ದಾಣದಲ್ಲಿಳಿದು ರಸ್ತೆಯ ಮೂಲಕ ಹೋಗಿಯೇ ನೋಡಬೇಕು.

ಮಿಯಾಕೊ ನಗರದ ಬಳಿಯಲ್ಲಿ ಬಿಳಿಯ ಶಿಲೆಗಳಿಂದ ಕೂಡಿದ ಪ್ರಶಾಂತವಾದೊಂದು ತೀರವಿದೆ. ಅದರ ಹೆಸರು ಜೋದೊಗಾಹಾಮ. ಹದಿನೇಳನೆಯ ಶತಮಾನದಲ್ಲಿ ಬೌದ್ಧ ಭಿಕ್ಷುವೊಬ್ಬನು ಇದನ್ನು ಕಂಡು, ಅಮಿತಾಭ ಬುದ್ಧನ ಶುದ್ಧಲೋಕವೇ ಇಳಿದು ಬಂದಂತಿದೆ ಎಂದು ಉದ್ಗರಿಸಿದನಂತೆ. ಸಂಸ್ಕೃತದ ಬೌದ್ಧ ಗ್ರಂಥಗಳು ಸುಖಾವತಿ ಎಂದು ವರ್ಣಿಸುವ ಲೋಕವೇ ಅದು.

ಕಣ್ಣಿಗೆ ಸುಖಾವತಿಯಾದರೂ ಬಾಳುವೆಗೆ ಈ ನಾಡು ಕಠಿಣವಾದುದು. ಉತ್ತರದಿಂದ ಹರಿದುಬರುವ ಒಯಾಶಿಯೊ ಎಂಬ ಶೀತಪ್ರವಾಹ, ದಕ್ಷಿಣದಿಂದ ಬರುವ ಕುರೊಶಿಯೊ ಎಂಬ ಉಷ್ಣಪ್ರವಾಹವನ್ನು ಈ ತೀರದಾಚೆಯ ಕಡಲಿನಲ್ಲಿ ಸಂಧಿಸುತ್ತದೆ. ಆದುದರಿಂದಲೇ ಇದು ಪ್ರಪಂಚದ ಅತ್ಯಂತ ಸಮೃದ್ಧ ಮೀನುಗಾರಿಕೆಯ ನೆಲೆಗಳಲ್ಲಿ ಒಂದು. ಆದರೆ ಅದೇ ತಣ್ಣನೆಯ ಕಡಲಿನ ಮೇಲಿಂದ ಬೇಸಗೆಯಲ್ಲಿ ‘ಯಾಮಾಸೆ’ ಎಂಬ ಈಶಾನ್ಯದ ಗಾಳಿ ಬೀಸುತ್ತದೆ. ಅದರೊಂದಿಗೆ ಬರುವ ಮಂಜು ದಿನಗಟ್ಟಲೆ ಸೂರ್ಯನನ್ನು ಮರೆಮಾಡಿ ಬತ್ತದ ತೆನೆಯನ್ನು ಜೊಳ್ಳಾಗಿಸುತ್ತದೆ. ಹಳೆಯ ಕಾಲದಲ್ಲಿ ಯಾಮಾಸೆ ಎಂದರೆ ಬರಗಾಲದ ಇನ್ನೊಂದು ಹೆಸರು.

ಶಾಂತಸಾಗರದ ಅಶಾಂತಿ

ಇವೆಲ್ಲಕ್ಕಿಂತ ದೊಡ್ಡ ಭಯ ಸುನಾಮಿಯದು. ತೀರದಿಂದಾಚೆ ಕಡಲತಳದಲ್ಲಿ ಜಪಾನ್ ಕಂದಕವೆಂಬ ಆಳವಾದ ತಗ್ಗಿದೆ. ಅಲ್ಲಿ ಶಾಂತಸಾಗರದ ಭೂಫಲಕವು ಜಪಾನಿನ ನೆಲದ ಅಡಿಗೆ ಮೆಲ್ಲಮೆಲ್ಲನೆ ನುಸುಳುತ್ತಿದೆ. ಹೀಗೆ ನುಸುಳುವಾಗ ಒತ್ತಡ ಶೇಖರವಾಗಿ ಒಮ್ಮೆಲೆ ಕಳಚಿಕೊಂಡಾಗ ಕಡಲತಳ ಎದ್ದು ಬೀಳುತ್ತದೆ. ಮೇಲಿನ ನೀರು ಅಲೆಯಾಗಿ ಹೊರಡುತ್ತದೆ. ಆಳಕಡಲಿನಲ್ಲಿ ಅಷ್ಟಾಗಿ ಕಾಣಿಸದ ಆ ಅಲೆಯು ಕಿರಿದಾದ ಕೊಲ್ಲಿಯೊಳಗೆ ಹೊಕ್ಕಾಗ, ಆಲಿಕೆಯೊಳಗೆ ಸುರಿದ ನೀರಿನಂತೆ ಇಕ್ಕಟ್ಟಿಗೆ ಸಿಕ್ಕಿ ಮೇಲೇಳುತ್ತದೆ. ಮೀನುಗಾರರಿಗೆ ಆಶ್ರಯ ಕೊಡುವ ಕೊಲ್ಲಿಯೇ ಅಂದು ಅವರಿಗೆ ಬೋನಾಗುತ್ತದೆ.

1896ನೆಯ ಇಸವಿ ಜೂನ್ 15ರ ಸಂಜೆ ಈ ಕರಾವಳಿಯಲ್ಲಿ ಹಬ್ಬದ ಸಂಭ್ರಮ. ಸಣ್ಣಗೆ ನೆಲ ನಡುಗಿತು. ಅಂತಹ ನಡುಕ ಅಲ್ಲಿ ಸಾಮಾನ್ಯವಾದುದರಿಂದ ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಡಲು ಬಂದಿತು. ಸುಮಾರು 22 ಸಾವಿರ ಜನ ಮಡಿದರು. ಈಗಿನ ರೈಲುಮಾರ್ಗದ ಮೇಲೆಯೇ ಇರುವ ರ್ಯೋರಿ ಎಂಬಲ್ಲಿ ನೀರು 38 ಮೀಟರ್ ಎತ್ತರದವರೆಗೆ ಏರಿತ್ತು. ಮೂವತ್ತೇಳು ವರ್ಷಗಳ ತರುವಾಯ, 1933ರ ಮಾರ್ಚ್ 3ರ ನಸುಕಿನಲ್ಲಿ, ಕೊರೆಯುವ ಚಳಿಯಲ್ಲಿ ಕಡಲು ಮತ್ತೆ ಬಂದಿತು. ಸುಮಾರು ಮೂರು ಸಾವಿರ ಮಂದಿ ಬಲಿಯಾದರು. ಇದಾದ ಮೇಲೆ ಕರಾವಳಿಯ ಊರೂರಿನಲ್ಲಿ ಎಚ್ಚರಿಕೆಯ ಕಲ್ಲುಗಳನ್ನು ನೆಟ್ಟರು. ಮಿಯಾಕೊ ಬಳಿಯ ಆನೆಯೋಶಿ ಎಂಬ ಕೇರಿಯ ಕಲ್ಲು, ಇದರ ಕೆಳಗೆ ಮನೆ ಕಟ್ಟಬೇಡಿರೆಂದು ಮುಂದಿನವರಿಗೆ ಸ್ಪಷ್ಟವಾಗಿ ಅಪ್ಪಣೆ ಕೊಡುತ್ತದೆ. ಆ ಕೇರಿಯವರು ಅದನ್ನು ಪಾಲಿಸಿದರು. 2011ರಲ್ಲಿ ನೀರು ಆ ಕಲ್ಲಿನ ಕೆಳಗೇ ನಿಂತಿತು.

ಅರ್ಧಕ್ಕೆ ನಿಂತ ಹಳಿ

ಬೆಟ್ಟ ಮತ್ತು ಕಡಲುಗಳ ನಡುವೆ ಸಿಕ್ಕಿಕೊಂಡ ಈ ಊರುಗಳಿಗೆ ಹೊರಜಗತ್ತಿನೊಡನೆ ಸಂಪರ್ಕ ಕಲ್ಪಿಸುವ ರೈಲುಮಾರ್ಗ ಬೇಕೆಂಬುದು ಬಹುಕಾಲದ ಹಂಬಲವಾಗಿತ್ತು. 1970ರ ದಶಕದಲ್ಲಿ ಸರ್ಕಾರಿ ರೈಲ್ವೆ ಮೂರು ತುಣುಕು ಹಳಿಗಳನ್ನು ಹಾಕಿತು. ಅವು ಒಂದನ್ನೊಂದು ಕೂಡುವ ಮುನ್ನವೇ, 1980ರ ಕಾನೂನಿನ ಪ್ರಕಾರ, ನಷ್ಟದ ಗ್ರಾಮೀಣ ಮಾರ್ಗಗಳ ಕೆಲಸವನ್ನು ನಿಲ್ಲಿಸಲಾಯಿತು. ಆಗ ಇವಾಟೆ ಪ್ರಾಂತವೂ ಕರಾವಳಿಯ ಊರುಗಳೂ ಖಾಸಗಿ ಸಂಸ್ಥೆಗಳೂ ಕೂಡಿ ಬಂಡವಾಳ ಹಾಕಿ 1981ರಲ್ಲಿ ಒಂದು ಕಂಪೆನಿಯನ್ನು ಕಟ್ಟಿದರು. ಉಳಿದ ಹಳಿಯನ್ನು ಪೂರ್ತಿಮಾಡಿಸಿ 1984ರ ಏಪ್ರಿಲ್ 1ರಂದು ಬಂಡಿ ಓಡಿಸಿದರು. ಸರ್ಕಾರ ಕೈಬಿಟ್ಟ ಮಾರ್ಗವನ್ನು ಹೀಗೆ ಜನರೂ ಸ್ಥಳೀಯ ಆಡಳಿತವೂ ಸೇರಿ ವಹಿಸಿಕೊಂಡುದು ಜಪಾನಿನಲ್ಲಿ ಇದೇ ಮೊದಲು. ಉತ್ತರದಲ್ಲಿ ಮಿಯಾಕೊದಿಂದ ಕುಜಿಗೆ ಒಂದು ಮಾರ್ಗ, ದಕ್ಷಿಣದಲ್ಲಿ ಸಕಾರಿಯಿಂದ ಕಾಮೈಶಿಗೆ ಒಂದು ಮಾರ್ಗ. ನಡುವಣ 55 ಕಿಲೋಮೀಟರ್ ಮಾತ್ರ ದೊಡ್ಡ ರೈಲ್ವೆಯ ವಶದಲ್ಲಿಯೇ ಉಳಿಯಿತು. ಅದೂ ಇವರ ಕೈಗೆ ಬಂದು, ಮೂರು ತುಣುಕುಗಳು ಒಂದಾದದ್ದು 2019ರಲ್ಲಿ.

ದಕ್ಷಿಣದಿಂದ ಉತ್ತರಕ್ಕೆ

ಸಕಾರಿಯಿಂದ ಹೊರಟ ಬಂಡಿ ಬಹಳ ಬೇಗ ಸುರಂಗವನ್ನು ಹೊಗುತ್ತದೆ. ಕತ್ತಲು ಕಳೆದು ಬೆಳಕು ಬರುವಷ್ಟರಲ್ಲಿ ಬಲಗಡೆ ಒಂದು ಕೊಲ್ಲಿ. ನೀಲಿ ನೀರಿನ ಮೇಲೆ ಸಾಲಾಗಿ ಕಟ್ಟಿದ ತೇಲುಬುರುಡೆಗಳು, ದೋಣಿಗಳು, ಪೈನ್ ಮರಗಳು. ಕಣ್ತುಂಬ ನೋಡುವ ಮೊದಲೇ ಮತ್ತೆ ಸುರಂಗ. ಹೀಗೆ ಕತ್ತಲು ಬೆಳಕುಗಳ ಆಟದಲ್ಲಿ ಕಡಲು ಚಿತ್ರಪಟದ ಹಾಳೆಗಳಂತೆ ಒಂದೊಂದಾಗಿ ತೆರೆದುಕೊಳ್ಳುತ್ತದೆ. ಕಡಲನ್ನು ಬಿಡದೆ ನೋಡಬೇಕೆಂದು ಬಂದವರಿಗೆ ಇದರಿಂದ ಮೊದಲು ಸ್ವಲ್ಪ ನಿರಾಶೆಯಾಗುವುದುಂಟು. ಆದರೆ ಬೆಟ್ಟದೊಳಗೆ ಹುದುಗಿಕೊಂಡಿದ್ದರಿಂದಲೇ ಈ ಹಳಿಯ ಬಹುಭಾಗ ಉಳಿಯಿತೆಂಬುದನ್ನು ತಿಳಿದ ಮೇಲೆ ಆ ಸುರಂಗಗಳ ಮೇಲೆ ಗೌರವವೇ ಹುಟ್ಟುತ್ತದೆ.

ದಾರಿಯಲ್ಲಿ ಕೊಯಿಶಿಹಾಮ ಎಂಬೊಂದು ಪುಟ್ಟ ನಿಲ್ದಾಣ. ಮೊದಲು ಈ ಹೆಸರಿನ ಅರ್ಥ ‘ಸಣ್ಣಕಲ್ಲಿನ ತೀರ’ ಎಂದಿತ್ತು. 2009ರಲ್ಲಿ ಉಚ್ಚಾರವನ್ನು ಹಾಗೆಯೇ ಇಟ್ಟು ಅಕ್ಷರಗಳನ್ನು ಬದಲಿಸಿ ‘ಒಲವಿನ ತೀರ’ ಎಂಬ ಅರ್ಥ ಬರುವಂತೆ ಮಾಡಿದರು. ಬೀಸಣಿಗೆಯ ಆಕಾರದ ದೊಡ್ಡ ಚಿಪ್ಪುಗಳ ಮೇಲೆ ಪ್ರಯಾಣಿಕರು ತಮ್ಮ ಹರಕೆಯನ್ನು ಬರೆದು ಇಲ್ಲಿ ತೂಗುಹಾಕುತ್ತಾರೆ. ಕಡಲಗಾಳಿಗೆ ಆ ಚಿಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ.

ಕಬ್ಬಿಣದ ಊರಾದ ಕಾಮೈಶಿಯನ್ನು ದಾಟಿದರೆ ಉನೊಸುಮಾಯ್. 2011ರ ಮಾರ್ಚ್ 11ರಂದು ಇಲ್ಲಿಯ ಮಾಧ್ಯಮಿಕ ಶಾಲೆಯ ಮಕ್ಕಳು ನೆಲ ನಡುಗಿದೊಡನೆ ಎತ್ತರದ ಕಡೆಗೆ ಓಡಿದರು. ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳು ಅವರನ್ನು ನೋಡಿ ಹಿಂಬಾಲಿಸಿದರು. ಗೊತ್ತುಮಾಡಿದ್ದ ತಾಣವೂ ಸಾಲದೆಂದು ತೋರಿದಾಗ, ದೊಡ್ಡವರು ಚಿಕ್ಕವರ ಕೈಹಿಡಿದುಕೊಂಡು ಇನ್ನೂ ಮೇಲಕ್ಕೆ ಹತ್ತಿದರು. ಶಾಲೆಗಳು ಮುಳುಗಿದವು, ಮಕ್ಕಳು ಉಳಿದರು. ಆದರೆ ಅದೇ ಊರಿನಲ್ಲಿ, ಸುನಾಮಿಗೆ ಆಶ್ರಯವೆಂದು ಗೊತ್ತುಮಾಡದಿದ್ದ ತಗ್ಗಿನ ಕಟ್ಟಡವೊಂದಕ್ಕೆ ಹೋಗಿ ಸೇರಿದ ನೂರಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಶಾಲೆಗಳಿದ್ದ ನೆಲದಲ್ಲಿ ಈಗ ಕ್ರೀಡಾಂಗಣವಿದೆ. 2019ರ ಸೆಪ್ಟೆಂಬರ್ 25ರಂದು ಅಲ್ಲಿ ರಗ್ಬಿ ವಿಶ್ವಕಪ್ಪಿನ ಪಂದ್ಯ ನಡೆಯಿತು.

ಮುಂದೆ ಓತ್ಸುಚಿ. ಇಲ್ಲಿಯ ಗುಡ್ಡದ ಮೇಲಿನ ತೋಟವೊಂದರಲ್ಲಿ ಬಿಳಿಯ ಗಾಜಿನ ಗೂಡು. ಅದರೊಳಗೆ ತಂತಿಯಿಲ್ಲದ ಕಪ್ಪು ಟೆಲಿಫೋನು. ಕಡಲು ಕೊಂಡೊಯ್ದ ಮಗನೊಡನೆ, ಹೆಂಡತಿಯೊಡನೆ, ತಾಯಿಯೊಡನೆ ಮಾತನಾಡಬೇಕೆನಿಸಿದವರು ಬಂದು ಆ ಟೆಲಿಫೋನನ್ನು ಕೈಗೆತ್ತಿಕೊಳ್ಳುತ್ತಾರೆ. ಅದಕ್ಕೆ ‘ಗಾಳಿಯ ಟೆಲಿಫೋನು’ ಎಂದು ಹೆಸರು.

ಬೋಗಿಯೊಳಗಿನ ಕಚೇರಿ

2011ರ ಮಾರ್ಚ್ 11, ಮಧ್ಯಾಹ್ನ 2 ಗಂಟೆ 46 ನಿಮಿಷ. 9.0 ಪ್ರಮಾಣದ ಭೂಕಂಪ. ಅದರ ಬೆನ್ನಿಗೇ ಸುನಾಮಿ. ದೇಶದಲ್ಲಿ 18 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಇಲ್ಲವೆ ಕಾಣೆಯಾದರು. ಸಾನ್ರಿಕು ರೈಲ್ವೆಯ ಹಳಿಗಳು, ಸೇತುವೆಗಳು, ನಿಲ್ದಾಣಗಳು ಅಲ್ಲಲ್ಲಿ ಕೊಚ್ಚಿಹೋದವು. ಆರು ವರ್ಷಗಳ ಹಿಂದೆ, 2004ರ ಡಿಸೆಂಬರ್ 26ರಂದು, ಶ್ರೀಲಂಕೆಯ ಪೆರಲಿಯ ಎಂಬಲ್ಲಿ ಕಡಲತೀರದ ರೈಲೊಂದು ಸುನಾಮಿಗೆ ಸಿಕ್ಕಿ ಸಾವಿರಕ್ಕೂ ಮಿಕ್ಕ ಜನರು ಸತ್ತಿದ್ದರು. ಸಾನ್ರಿಕು ರೈಲ್ವೆಯ ಬಂಡಿಗಳಲ್ಲಾದರೋ ಒಬ್ಬ ಪ್ರಯಾಣಿಕನೂ ಪ್ರಾಣ ಕಳೆದುಕೊಳ್ಳಲಿಲ್ಲ. ದಕ್ಷಿಣದ ಮಾರ್ಗದಲ್ಲಿ ಓಡುತ್ತಿದ್ದ ಬಂಡಿ ಭೂಕಂಪದ ಹೊತ್ತಿಗೆ ಉದ್ದನೆಯ ಸುರಂಗದೊಳಗೆ ನಿಂತಿತು. ಪ್ರಯಾಣಿಕರು ಸುರಕ್ಷಿತವಾಗಿ ಹೊರಬಂದರು.

ಮಿಯಾಕೊದಲ್ಲಿದ್ದ ಕಂಪೆನಿಯ ಕಚೇರಿಯಲ್ಲಿ ವಿದ್ಯುತ್ತು ಹೋಯಿತು. ಅಧ್ಯಕ್ಷರಾಗಿದ್ದ ಮೋಚಿಝುಕಿ ಮಾಸಾಹಿಕೊ ಅವರು ನಿಲ್ದಾಣದಲ್ಲಿ ನಿಂತಿದ್ದ ಡೀಸೆಲ್ ಬೋಗಿಯನ್ನೇ ಕಚೇರಿಯಾಗಿ ಮಾಡಿಕೊಂಡರು. ಅದರ ಯಂತ್ರ ನಡೆಯುವವರೆಗೆ ಬೆಳಕೂ ಇತ್ತು, ಕಾವೂ ಇತ್ತು. ಎರಡು ದಿನಗಳ ಮೇಲೆ ಹಳಿಯನ್ನು ನೋಡಿಕೊಂಡು ಹೋದಾಗ ಅವರ ಕಣ್ಣಿಗೆ ಬಿದ್ದದ್ದು ಹಳಿಯ ಮೇಲೆ ನಡೆದುಹೋಗುತ್ತಿದ್ದ ಜನ. ರಸ್ತೆಗಳು ಅವಶೇಷಗಳ ಕೆಳಗೆ ಹೂತುಹೋಗಿದ್ದವು. ಊರಿನಿಂದ ಊರಿಗೆ ಉಳಿದಿದ್ದ ದಾರಿಯೆಂದರೆ ರೈಲುಹಳಿ ಒಂದೇ. ಓಡಿಸಬಹುದಾದಷ್ಟು ದೂರ ಒಡನೆ ಓಡಿಸತಕ್ಕದ್ದೆಂದು ಅವರು ನಿರ್ಧರಿಸಿದರು. ಮಾರ್ಚ್ 16ರಂದು, ದುರಂತ ನಡೆದು ಐದೇ ದಿನಗಳಲ್ಲಿ, ಕುಜಿ ಮತ್ತು ರಿಕುಚೂ-ನೋದಗಳ ನಡುವೆ ಬಂಡಿ ಹೊರಟಿತು. ಮಾರ್ಚ್ 20ರಂದು ಮಿಯಾಕೊದಿಂದ ತಾರೊವಿಗೆ ಇನ್ನೊಂದು. ಆ ತಿಂಗಳ ಕೊನೆಯವರೆಗೆ ಯಾರಿಂದಲೂ ಟಿಕೆಟ್ಟಿನ ಹಣ ಪಡೆಯಲಿಲ್ಲ. ಅವಶೇಷಗಳ ನಡುವೆ ತಮ್ಮವರನ್ನು ಹುಡುಕುತ್ತಿದ್ದ ಜನ ಬಂಡಿಯ ಸಿಳ್ಳು ಕೇಳಿ ತಲೆಯೆತ್ತಿ ಕೈಬೀಸಿದರು.

ಉಳಿದ ಹಳಿ ತುಣುಕು ತುಣುಕಾಗಿ ಕೂಡಿಕೊಂಡು 2014ರ ಏಪ್ರಿಲ್ 6ರಂದು ಉತ್ತರ ದಕ್ಷಿಣ ಮಾರ್ಗಗಳೆರಡೂ ಸಂಪೂರ್ಣವಾದುವು. ಜಪಾನಿನ ಜನರ ತೆರಿಗೆಯ ಜೊತೆಗೆ ದೂರದ ಕುವೈತ್ ದೇಶದ ನೆರವೂ ಇದರಲ್ಲಿ ಸೇರಿದೆ. ಆ ದೇಶ ದಾನಕೊಟ್ಟ ಕಚ್ಚಾ ತೈಲದ ಹಣದಿಂದ ಹೊಸ ಬೋಗಿಗಳನ್ನು ಕೊಂಡರು. ಅವುಗಳ ಮೈಮೇಲೆ ಜಪಾನೀ, ಅರಬ್ಬೀ, ಇಂಗ್ಲಿಷ್ ಭಾಷೆಗಳಲ್ಲಿ ಕೃತಜ್ಞತೆಯನ್ನು ಬರೆಸಿದ್ದಾರೆ.

ಎರಡು ಗೋಡೆಗಳ ಕಥೆ

ಮಿಯಾಕೊದಿಂದ ಉತ್ತರಕ್ಕೆ ಹೊರಟರೆ ಮೊದಲು ಸಿಗುವ ಪ್ರಸಿದ್ಧ ಸ್ಥಳ ತಾರೊ. 1896ರಲ್ಲಿಯೂ 1933ರಲ್ಲಿಯೂ ಸರ್ವನಾಶವಾಗಿದ್ದ ಈ ಊರು, ಕಡಲಿಗೆ ಅಡ್ಡವಾಗಿ 10 ಮೀಟರ್ ಎತ್ತರದ ಗೋಡೆ ಕಟ್ಟತೊಡಗಿತು. ದಶಕಗಟ್ಟಲೆ ಬೆಳೆದ ಆ ಗೋಡೆ ಕೊನೆಗೆ 2,433 ಮೀಟರ್ ಉದ್ದವಾಯಿತು. ಜನರು ಅದನ್ನು ಚೀನದ ಮಹಾಗೋಡೆಗೆ ಹೋಲಿಸುತ್ತಿದ್ದರು. ಪರದೇಶಗಳಿಂದ ನೋಡಲು ಬರುತ್ತಿದ್ದರು. 2011ರಲ್ಲಿ ಅಲೆಯು ಆ ಗೋಡೆಯನ್ನು ದಾಟಿ ಊರನ್ನು ಅಳಿಸಿಹಾಕಿತು. ಕೆಳಗಿನ ಎರಡು ಅಂತಸ್ತು ಬರಿಯ ಕಬ್ಬಿಣದ ಕಂಬಗಳಾಗಿ ಉಳಿದ ಒಂದು ಹೋಟೆಲನ್ನು ಮುಂದಿನವರ ತಿಳಿವಳಿಕೆಗಾಗಿ ಹಾಗೆಯೇ ಉಳಿಸಿಕೊಂಡಿದ್ದಾರೆ.

ತಾರೊ ದಾಟಿದ ಮೇಲೆ ಸಿಗುವ ಶಿಮಾನೊಕೊಶಿ ನಿಲ್ದಾಣವೂ ಅದು ನಿಂತಿದ್ದ ಎತ್ತರದ ಸೇತುವೆಯೂ ಅಂದು ನಿರ್ನಾಮವಾದವು. ಉಳಿದದ್ದು ಕೆಲವು ಮೆಟ್ಟಿಲುಗಳು ಮತ್ತು ಇವಾಟೆಯ ಕವಿ ಮಿಯಾಝಾವಾ ಕೆಂಜಿಯ ಪದ್ಯವನ್ನು ಕೆತ್ತಿದ ಕಲ್ಲು. ಮತ್ತೆ ಹಳಿ ಹಾಕುವಾಗ ಸೇತುವೆಗೆ ಬದಲಾಗಿ ಭಾರಿ ಮಣ್ಣಿನ ದಿಬ್ಬವನ್ನು ಕಟ್ಟಿದರು. ಈಗ ರೈಲುದಾರಿಯೇ ಊರಿಗೆ ಇನ್ನೊಂದು ಒಡ್ಡು.

ಇನ್ನೂ ಉತ್ತರಕ್ಕೆ ಫುದಾಯ್ ಗ್ರಾಮ. ಇದರ ಮುಖ್ಯಸ್ಥರಾಗಿ 1947ರಿಂದ ನಲವತ್ತು ವರ್ಷ ಸೇವೆ ಸಲ್ಲಿಸಿದ ವಾಮುರಾ ಕೋತೋಕು ಅವರು 1933ರಲ್ಲಿ ಮಣ್ಣಿನಡಿಯಿಂದ ಹೆಣಗಳನ್ನು ಹೊರತೆಗೆಯುವುದನ್ನು ಕಣ್ಣಾರೆ ಕಂಡವರು. ಕಣಿವೆಯ ಬಾಯಿಗೆ 15.5 ಮೀಟರ್ ಎತ್ತರದ ಬಾಗಿಲು ಬೇಕೆಂದು ಅವರು ಹಟ ಹಿಡಿದರು. ಅಷ್ಟು ಎತ್ತರವೇಕೆ, ಅಷ್ಟು ಹಣವೇಕೆ ಎಂದು ಟೀಕೆ ಬಂದಿತು. ಅವರು ಮಣಿಯಲಿಲ್ಲ. ರೈಲು ಓಡತೊಡಗಿದ 1984ನೆಯ ವರ್ಷದಲ್ಲಿಯೇ ಬಾಗಿಲೂ ಸಿದ್ಧವಾಯಿತು. ವಾಮುರಾ ಅವರು 1997ರಲ್ಲಿ ತೀರಿಕೊಂಡರು. ಹದಿನಾಲ್ಕು ವರ್ಷಗಳ ಮೇಲೆ ಬಂದ ಅಲೆ ಬಾಗಿಲಿನ ಮೇಲಿಂದಲೂ ಹಾಯ್ದಿತಾದರೂ ಅದರ ಬಲ ಅಲ್ಲಿಗೇ ಮುರಿಯಿತು. ನೀರು ಮನೆಗಳನ್ನು ಮುಟ್ಟಲಿಲ್ಲ. ಬಾಗಿಲಿನಾಚೆ ದೋಣಿ ನೋಡಲು ಹೋದ ಒಬ್ಬರು ಕಾಣೆಯಾದರು. ಒಳಗೆ ಒಬ್ಬರೂ ಸಾಯಲಿಲ್ಲ. ಊರಿನವರು ಹೂವು ತೆಗೆದುಕೊಂಡು ಹಳೆಯ ಮುಖ್ಯಸ್ಥರ ಸಮಾಧಿಗೆ ಹೋದರು.

ಸೇತುವೆಯ ಮೇಲೆ ಒಂದು ನಿಲುಗಡೆ

ಹೊರಿನಾಯ್ ನಿಲ್ದಾಣದ ಸಮೀಪದಲ್ಲಿ ಸುಮಾರು 30 ಮೀಟರ್ ಎತ್ತರದ ಓಸಾವಾ ಸೇತುವೆ. ನಿಲ್ದಾಣವಿಲ್ಲದಿದ್ದರೂ ಬಂಡಿಯನ್ನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುವ ವಾಡಿಕೆಯುಂಟು. ಮಾತನಾಡುತ್ತಿದ್ದವರೆಲ್ಲ ಸುಮ್ಮನಾಗಿ ಬಲಗಡೆಯ ಕಿಟಕಿಗಳಿಗೆ ಬಂದು ನಿಲ್ಲುತ್ತಾರೆ. ಕೆಳಗೆ ಬಿಳಿಯ ನೊರೆ, ಎದುರಿಗೆ ದಿಗಂತದವರೆಗೆ ಬರಿಯ ನೀರು. 2013ರಲ್ಲಿ ಪ್ರಸಾರವಾದ ‘ಆಮಾಚಾನ್’ ಎಂಬ ದೂರದರ್ಶನ ಧಾರಾವಾಹಿಯಿಂದ ಈ ಪ್ರದೇಶ ಜಪಾನಿನ ಮನೆಮನೆಗೂ ಪರಿಚಿತವಾಯಿತು. ಕುಜಿಯ ಬಳಿ ಉಸಿರು ಬಿಗಿಹಿಡಿದು ಕಡಲತಳಕ್ಕೆ ಮುಳುಗಿ ಚಿಪ್ಪುಜೀವಿಗಳನ್ನು ಆಯುವ ‘ಆಮಾ’ ಸ್ತ್ರೀಯರ ಬದುಕೇ ಅದರ ವಸ್ತು.

ಚಳಿಗಾಲದಲ್ಲಿ ಮಿಯಾಕೊ ಮತ್ತು ಕುಜಿಗಳ ನಡುವೆ ‘ಕೊತಾತ್ಸು’ ಬಂಡಿ ಎಂಬ ವಿಶೇಷವುಂಟು. ಕೊತಾತ್ಸು ಎಂದರೆ ಅಡಿಯಲ್ಲಿ ಕಾವು, ಸುತ್ತ ದಪ್ಪನೆಯ ರಜಾಯಿ ಇರುವ ಗಿಡ್ಡ ಮೇಜು. ಜಪಾನೀ ಮನೆಗಳಲ್ಲಿ ಚಳಿಗಾಲದ ಸಂಸಾರವೆಲ್ಲ ಅದರ ಸುತ್ತ ನಡೆಯುತ್ತದೆ. ಈ ಬಂಡಿಯಲ್ಲಿ ಅಂತಹ ಮೇಜುಗಳನ್ನೇ ಇಟ್ಟಿರುತ್ತಾರೆ. ಒಂದೇ ರಜಾಯಿಯಡಿ ಕಾಲು ಚಾಚಿ ಎದುರುಬದುರು ಕುಳಿತಾಗ ಅಪರಿಚಿತರು ಬಹಳ ಹೊತ್ತು ಅಪರಿಚಿತರಾಗಿ ಉಳಿಯುವುದಿಲ್ಲ. ಸುರಂಗದ ಕತ್ತಲಲ್ಲಿ ‘ನಮೊಮಿ’ ಎಂಬ ಭೂತದ ವೇಷಧಾರಿಗಳು ಅಬ್ಬರಿಸುತ್ತ ಒಳಗೆ ಬರುತ್ತಾರೆ. ಕೆಲಸಗಳ್ಳರಾಗಿ ಬೆಂಕಿಯ ಮುಂದೆ ಕುಳಿತವರನ್ನು ಗದರಿಸುವುದು ಈ ಭೂತದ ಕಾಯಕ. ರಜಾಯಿಯೊಳಗೆ ಬೆಚ್ಚಗೆ ಕುಳಿತವರಿಗೆ ಇದಕ್ಕಿಂತ ತಕ್ಕ ಅತಿಥಿ ಬೇರೆ ಯಾರಿದ್ದಾರು?

ಕಲಿಯುವವರ ಬಂಡಿ

2012ರಲ್ಲಿ ಕಂಪೆನಿ ಇನ್ನೊಂದು ಬಗೆಯ ತಂಡಪ್ರಯಾಣವನ್ನು ಪ್ರಾರಂಭಿಸಿತು. ದೂರದ ಊರುಗಳ ಶಾಲಾಮಕ್ಕಳೋ ಸಂಘಸಂಸ್ಥೆಯವರೋ ಬೋಗಿಯನ್ನು ಗೊತ್ತುಮಾಡಿಕೊಂಡು ಬರುತ್ತಾರೆ. ಕಂಪೆನಿಯ ನೌಕರರೇ ಮುಂದೆ ನಿಂತು, ನೀರು ಎಲ್ಲಿಯವರೆಗೆ ಬಂದಿತು, ಯಾರು ಎತ್ತ ಓಡಿದರು, ಯಾರು ಹಿಂದಿರುಗಿ ಹೋಗಿ ಸಿಕ್ಕಿಬಿದ್ದರು ಎಂಬುದನ್ನು ಹೇಳುತ್ತಾರೆ. ಕಿಟಕಿಯಾಚೆ ಕಾಣುವುದು ಹೊಸ ಗೋಡೆ, ಎತ್ತರಿಸಿದ ನೆಲ, ಮನೆಗಳಿಲ್ಲದ ಬಯಲು. ಕುಳಿತು ಕೇಳುವ ಮಕ್ಕಳಲ್ಲಿ ಬಹುಮಂದಿ 2011ರ ನಂತರ ಹುಟ್ಟಿದವರು.

ಈ ರೈಲಿನ ಬಾಳು ನಿಶ್ಚಿಂತೆಯದಲ್ಲ. ಮೊದಲ ಹತ್ತು ವರ್ಷ ಲಾಭ ತಂದದ್ದು ಆಮೇಲೆ ನಷ್ಟಕ್ಕೆ ತಿರುಗಿತು. ಕರಾವಳಿಯಲ್ಲಿ ಜನಸಂಖ್ಯೆ ಕುಗ್ಗುತ್ತಿದೆ. ಶಾಲೆಗೆ ಹೋಗುವ ಮಕ್ಕಳು ಕಡಿಮೆ, ಕಾರುಗಳು ಹೆಚ್ಚು. 2019ರ ಮಾರ್ಚ್ 23ರಂದು ಇಡೀ 163 ಕಿಲೋಮೀಟರ್ ಒಂದೇ ಮಾರ್ಗವಾಗಿ ಊರುಗಳೆಲ್ಲ ಧ್ವಜ ಬೀಸಿದವು. ಏಳು ತಿಂಗಳೊಳಗಾಗಿ, ಅಕ್ಟೋಬರಿನ ಚಂಡಮಾರುತದಲ್ಲಿ ಗುಡ್ಡಗಳು ಜರಿದು ಹಳಿಯ ಬಹುಭಾಗ ಮತ್ತೆ ಮುಚ್ಚಿಹೋಯಿತು. ಮತ್ತೆ ಗುದ್ದಲಿ ಹಿಡಿದರು. 2020ರ ಮಾರ್ಚ್ 20ರಂದು ಮತ್ತೆ ಬಂಡಿ ಓಡಿತು.

ಲೆಕ್ಕದ ಪುಸ್ತಕವನ್ನು ಮಾತ್ರ ನೋಡುವವರಿಗೆ ಈ ಹಟ ಅರ್ಥವಾಗದು. ಫುದಾಯ್ ಗ್ರಾಮದ ಬಾಗಿಲೂ ಇಪ್ಪತ್ತೇಳು ವರ್ಷ ಲೆಕ್ಕದ ಪುಸ್ತಕದಲ್ಲಿ ಬರಿಯ ಖರ್ಚಾಗಿಯೇ ಇತ್ತು. ಕಡಲನ್ನು ನೋಡಲು ತಂಡ ಕಟ್ಟಿಕೊಂಡು ಬರುವವರು ಕೊಡುವ ಟಿಕೆಟ್ಟಿನ ಹಣವು, ಆ ಕಡಲಿನೊಡನೆ ಬಾಳಬೇಕಾದವರ ದಿನದಿನದ ಬಂಡಿಯನ್ನು ಓಡಿಸಲು ನೆರವಾಗುತ್ತದೆ. ಮುಂದಿನ ನಿಲ್ದಾಣದಲ್ಲಿ ಪ್ರವಾಸಿಗರು ಚಿತ್ರ ತೆಗೆಯಲು ಇಳಿಯುತ್ತಾರೆ. ಹೆಗಲಿಗೆ ಚೀಲ ಹಾಕಿದ ಹುಡುಗನೊಬ್ಬ ಮನೆಗೆ ಹೋಗಲು ಇಳಿಯುತ್ತಾನೆ. ಇಬ್ಬರಿಗೂ ಬಂಡಿ ಒಂದೇ.